ಶ್ರುತರಕ್ಷಣೆ ಮತ್ತು ಮುಗ್ಗು ಹಿಡಿದ ಹೊತ್ತಗೆಗಳು

ಮಾಲೂರು ತಾಲ್ಲೂಕಿನ ನೊಣಮಂಗಲವು ಜೈನ ಇತಿಹಾಸದಲ್ಲಿ ಮರೆಯಲಾಗದ ಹೆಸರು. ಅಲ್ಲಿಯ ಪಾಳುಬಿದ್ದ ಬಸದಿಯ ನೆಲೆಯಲ್ಲಿ ದೊರೆತ ಎರಡು ತಾಮ್ರಶಾಸನಗಳು ಗಂಗ ಅರಸರಾದ ಮಾಧವ ಮತ್ತು ಅವಿನೀತರ ಕಾಲಕ್ಕೆ, ಎಂದರೆ ಸುಮಾರು 5ನೆಯ ಶತಮಾನದ ಆಸುಪಾಸಿಗೆ ಸೇರಿದವು. ಪೆರ್ಬೊಳಲಿನಲ್ಲಿ ಮೂಲಸಂಘದವರು ಕಟ್ಟಿಸಿದ ಅರ್ಹದಾಯತನಕ್ಕೆ ವೀರದೇವ ಆಚಾರ್ಯರ ಉಪದೇಶದಂತೆ ಮಾಧವನು ದಾನವಿತ್ತುದನ್ನು ಒಂದು ಹೇಳುತ್ತದೆ. ಚಂದ್ರಣಂದಿ ಮೊದಲಾದ ಮೂಲಸಂಘದ ಆಚಾರ್ಯರಿಂದ ಪ್ರತಿಷ್ಠಿತವಾದ ಉರನೂರಿನ ಜಿನಾಲಯಕ್ಕೆ ಅವಿನೀತನು ಕೊಟ್ಟ ದತ್ತಿಯನ್ನು ಇನ್ನೊಂದು ಹೇಳುತ್ತದೆ. ಬಿ. ಎಲ್. ರೈಸ್ ಅವರು ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿ, ಕೋಲಾರ ಜಿಲ್ಲೆಯ ಶಾಸನಗಳ ನಡುವೆ, ಇವೆರಡೂ ಅಚ್ಚಾಗಿವೆ.

ಇಂದಿನ ಕೋಲಾರವೇ ಅಂದಿನ ಕುವಳಾಲಪುರ. ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡರು. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಆ ರಾಜ್ಯವು ನೆಲೆಗೊಂಡಿತೆಂಬ ಪರಂಪರೆಯನ್ನು 12ನೆಯ ಶತಮಾನದ ಶಾಸನಗಳು ಸ್ಮರಿಸುತ್ತವೆ. ಹೀಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಈ ಬಯಲು ನಾಡು ಕರ್ನಾಟಕದ ಜೈನಧರ್ಮಕ್ಕೆ ಬಹು ಪ್ರಾಚೀನವಾದ ಆಶ್ರಯಗಳಲ್ಲಿ ಒಂದು.

ಆದರೆ ಇಲ್ಲಿ ಒಂದು ದುಃಖದ ಸಂಗತಿಯೂ ಇದೆ. ನೊಣಮಂಗಲದ ಮಣ್ಣಿನಲ್ಲಿ ತಾಮ್ರ ಉಳಿಯಿತು; ಆ ಬಸದಿಯಲ್ಲಿ ಕುಳಿತು ಓದಿದವರ, ಓದಿಸಿದವರ ಒಂದು ಓಲೆಯೂ ಉಳಿಯಲಿಲ್ಲ. ಭೂಮಿ ಎಷ್ಟು, ಗಡಿ ಯಾವುದು, ಕೊಟ್ಟ ಅರಸನಾರು ಎಂಬುದು ಇಂದಿಗೂ ತಿಳಿಯುತ್ತದೆ. ಅಲ್ಲಿಯ ಆಚಾರ್ಯರು ಶಿಷ್ಯರಿಗೆ ಏನನ್ನು ಹೇಳಿಕೊಟ್ಟರು, ಶ್ರಾವಕರು ಏನನ್ನು ಕೇಳಿದರು ಎಂಬುದು ಮಾತ್ರ ತಿಳಿಯದು. ದಾನದ ದಾಖಲೆ ಉಳಿದು ಜ್ಞಾನದ ದಾಖಲೆ ಅಳಿದುಹೋದ ನಾಡಿದು. ಮನೆಯ ಅಟ್ಟದಲ್ಲಿಯೋ ಮಂದಿರದ ಕಪಾಟಿನಲ್ಲಿಯೋ ಮುಗ್ಗು ವಾಸನೆ ಹಿಡಿದು ಕುಳಿತಿರುವ ಹಳೆಯ ಹೊತ್ತಗೆಗಳ ವಿಷಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಗ ಅದು ಕೇವಲ ಮನೆವಾರ್ತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬರೆದಿಡುವ ವ್ರತ

ಶ್ರುತವು ಅಳಿಯಬಾರದೆಂಬ ಭಯದಿಂದಲೇ ಜೈನ ಗ್ರಂಥಪರಂಪರೆ ಹುಟ್ಟಿತು. ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆ ಸಿದ್ಧಾಂತಜ್ಞಾನವು ನಿಂತುಹೋದೀತೆಂದು ಚಿಂತಿಸಿ ದಕ್ಷಿಣಾಪಥದ ಮುನಿಸಂಘಕ್ಕೆ ಹೇಳಿಕಳುಹಿಸಿದರು. ಬಂದ ಇಬ್ಬರು ಮುನಿಗಳೇ ಪುಷ್ಪದಂತ ಮತ್ತು ಭೂತಬಲಿ. ಪುಷ್ಪದಂತರು ವನವಾಸಿಗೆ, ಎಂದರೆ ಇಂದಿನ ಬನವಾಸಿಗೆ ಬಂದು ಷಟ್ಖಂಡಾಗಮದ ಆರಂಭದ ಸೂತ್ರಗಳನ್ನು ರಚಿಸಿದರು. ಉಳಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಅದು ಪುಸ್ತಕರೂಪ ಪಡೆದು ಪೂಜೆಗೊಂಡ ದಿನವೇ ಜ್ಯೇಷ್ಠ ಶುಕ್ಲ ಪಂಚಮಿ, ಶ್ರುತಪಂಚಮಿ.

ಕನ್ನಡ ನಾಡಿನ ಶ್ರಾವಕಿಯರು ಈ ಕಾರ್ಯವನ್ನು ತಮ್ಮದಾಗಿ ಮಾಡಿಕೊಂಡರು. 10ನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮಹಾಬಂಧದ ಓಲೆಪ್ರತಿಯನ್ನು ಮಲ್ಲಿಕಬ್ಬೆಯೆಂಬಾಕೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಯತಿಪತಿಗಳಿಗೆ ಅರ್ಪಿಸಿದಳು. ಪ್ರತಿ ಮಾಡಿಸುವುದೇ ಆ ಕಾಲದ ಸಂರಕ್ಷಣೆ. ಓಲೆಗೆ ಆಯುಸ್ಸು ಇಷ್ಟೇ ಎಂಬುದನ್ನು ಅರಿತವರು ಒಂದು ಶಿಥಿಲವಾಗುವ ಮೊದಲೇ ಇನ್ನೊಂದನ್ನು ಸಿದ್ಧಪಡಿಸುತ್ತಿದ್ದರು.

ಆ ಎಚ್ಚರ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ಧವಳ, ಜಯಧವಳ, ಮಹಾಬಂಧಗಳ ಪ್ರಾಚೀನ ಓಲೆಪ್ರತಿಗಳು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದವು, ಓದುವವರು ವಿರಳವಾದರು. 19ನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದವರು ಓಲೆಗಳ ಜೀರ್ಣಸ್ಥಿತಿಯನ್ನು ಕಂಡು ಕಳವಳಗೊಂಡು ಪ್ರತಿ ಮಾಡಿಸುವ ಕೆಲಸಕ್ಕೆ ತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ, ಲೋಕನಾಥ ಶಾಸ್ತ್ರಿ ಮುಂತಾದ ವಿದ್ವಾಂಸರ ಶ್ರಮದಿಂದ ಅದು ಹಲವು ವರ್ಷ ನಡೆಯಿತು. ಡಾ. ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಮುಂದೆ ಒಟ್ಟು 16 ಸಂಪುಟಗಳು ಬಂದವು. ಆದರೆ ಮಹಾಬಂಧದ ಓಲೆಗಳಲ್ಲಿ ಕೆಲವೆಡೆ ಅಕ್ಷರಗಳೇ ನಷ್ಟವಾಗಿದ್ದವು. ಮುದ್ರಿತ ಪುಟದಲ್ಲಿ ಅಲ್ಲೆಲ್ಲ ಬರಿಯ ಚುಕ್ಕೆಗಳು ಉಳಿದವು. ಪೂಜೆ ತಪ್ಪದೆ ನಡೆದಿತ್ತು. ಆದರೂ ಆ ಅಕ್ಷರಗಳು ಮರಳಿ ಬರಲಿಲ್ಲ.

ವಾಸನೆಯು ಹೇಳುವ ಮಾತು

ಹಳೆಯ ಪುಸ್ತಕದ ವಾಸನೆಗಳಲ್ಲಿ ಎರಡು ಬಗೆಯುಂಟು. ಅವನ್ನು ಮೊದಲು ಬೇರ್ಪಡಿಸಿ ಅರಿಯಬೇಕು. ಒಂದು, ಕಾಗದವು ವಯಸ್ಸಾಗಿ ಬರುವ ವಾಸನೆ. 19ನೆಯ ಶತಮಾನದ ನಡುಭಾಗದಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂದಿತು. ಅದರಲ್ಲಿರುವ ಲಿಗ್ನಿನ್ ಮತ್ತು ಸೆಲ್ಯುಲೋಸ್ ಆಮ್ಲದ ಪ್ರಭಾವದಿಂದ ನಿಧಾನವಾಗಿ ಒಡೆಯುವಾಗ ವೆನಿಲಿನ್, ಫರ್ಫ್ಯೂರಲ್, ಅಸಿಟಿಕ್ ಆಮ್ಲ ಮುಂತಾದವು ಹೊರಬರುತ್ತವೆ. ಅದು ಸ್ವಲ್ಪ ಸಿಹಿಯಾದ, ಒಣಗಿದ ವಾಸನೆ. ಅದನ್ನು ಹೋಗಲಾಡಿಸಬೇಕಾದ ಅಗತ್ಯವಿಲ್ಲ. ಇನ್ನೊಂದು ಮುಗ್ಗು ವಾಸನೆ. ತೇವದಲ್ಲಿ ಬೂಷ್ಟು ಬೆಳೆಯುವಾಗ ಅದು ಬಿಡುವ ಅನಿಲರೂಪದ ವಸ್ತುಗಳೇ ಇದಕ್ಕೆ ಕಾರಣ. ಕಣ್ಣಿಗೆ ಬೂಷ್ಟು ಕಾಣುವ ಮೊದಲೇ ಮೂಗಿಗೆ ಈ ಸುಳಿವು ಸಿಗುವುದುಂಟು.

ಆದುದರಿಂದ ಮುಗ್ಗು ವಾಸನೆಯು ರೋಗವಲ್ಲ, ರೋಗದ ಲಕ್ಷಣ. ಕಪಾಟಿಗೆ ಊದುಬತ್ತಿಯ ಹೊಗೆ ಹಾಕುವುದು, ಅತ್ತರು ಸವರುವುದು, ನುಸಿಗುಳಿಗೆ ಇಡುವುದು ಇವೆಲ್ಲ ಲಕ್ಷಣವನ್ನು ಮುಚ್ಚುವ ಉಪಾಯಗಳು. ತೇವವು ಒಳಗೇ ಉಳಿದು ಹಾಳೆಗಳು ನಾಶವಾಗುತ್ತಿರುತ್ತವೆ. ಎಚ್ಚರಿಸುತ್ತಿದ್ದ ವಾಸನೆಯೂ ಅಡಗಿಹೋಗುತ್ತದೆ. ನುಸಿಗುಳಿಗೆಯಂತೂ ಬೂಷ್ಟನ್ನು ತಡೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ದೀರ್ಘಕಾಲ ಸೇವಿಸುವುದು ಓದುವವರ ಆರೋಗ್ಯಕ್ಕೆ ಹಾನಿಕರ. ದೋಷವನ್ನು ಮುಚ್ಚಿಡುವುದಕ್ಕೂ ದೋಷವನ್ನು ಕಳೆಯುವುದಕ್ಕೂ ಇರುವ ಅಂತರವನ್ನು ಪ್ರತಿಕ್ರಮಣ ಮಾಡುವ ಸಮಾಜಕ್ಕೆ ಬೇರೆಯಾಗಿ ಹೇಳಬೇಕಾಗಿಲ್ಲ.

ಕೋಲಾರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 750 ಮಿಲಿಮೀಟರ್ ಮಾತ್ರ. ಮೂಡುಬಿದಿರೆಯಲ್ಲಿ ಅದರ ಹಲವು ಪಟ್ಟು. ಬರದ ನಾಡಿನಲ್ಲಿ ಮುಗ್ಗು ಎಲ್ಲಿಂದ ಬರಬೇಕೆಂಬ ಉದಾಸೀನ ಇಲ್ಲಿ ಸಹಜವಾಗಿಯೇ ಉಂಟು. ಆದರೆ ಬೂಷ್ಟಿಗೆ ಬೇಕಾದುದು ಊರಿನ ಮಳೆಯಲ್ಲ, ಪೆಟ್ಟಿಗೆಯೊಳಗಿನ ತೇವ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65ನ್ನು ಮೀರಿ ಕೆಲವು ದಿನ ನಿಂತರೆ ಅದಕ್ಕೆ ಸಾಕು. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಹಿಂಗಾರಿನ ಮೋಡ ನವೆಂಬರಿನಲ್ಲಿಯೂ ಕವಿದಿರುತ್ತದೆ. ಆಗ ಕಲ್ಲುಚಪ್ಪಡಿಯ ಗೋಡೆಗೆ ತಾಗಿಸಿಟ್ಟ ಉಕ್ಕಿನ ಬೀರುವಿನಲ್ಲಿ ಬಂದ ತೇವ ಹೊರಗೆ ಹೋಗಲು ದಾರಿಯಿರುವುದಿಲ್ಲ. ಹೊರಗೆ ಬಿಸಿಲು ಮರಳಿದ ಮೇಲೂ ಒಳಗಿನ ಹೊತ್ತಗೆ ಮಳೆಗಾಲದಲ್ಲಿಯೇ ಇರುತ್ತದೆ.

ಅಹಿಂಸೆಯ ಪ್ರಶ್ನೆ

ಇಲ್ಲಿ ಜೈನರಿಗೆ ಒಂದು ಧರ್ಮಸಂಕಟ ಎದುರಾಗುತ್ತದೆ. ಬೂಷ್ಟು ಜೀವವಲ್ಲವೆಂದು ಹೇಳುವಂತಿಲ್ಲ. ವನಸ್ಪತಿಕಾಯ ಜೀವಗಳನ್ನು ಎಣಿಸುವಾಗ ಮೂಲಾಚಾರವು ಹಾವಸೆ, ಬೂಷ್ಟು, ಅಣಬೆಗಳಂತಹವನ್ನೂ ಸೇರಿಸಿದೆ. ತೇವದ ನೆಲೆಯಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆಂಬುದನ್ನು ಶ್ರಾವಕರು ಅಡುಗೆಮನೆಯ ಆಚಾರದಿಂದಲೇ ಬಲ್ಲರು. ಹಾಗಿದ್ದರೆ ಶಾಸ್ತ್ರವನ್ನು ಉಳಿಸಲು ವಿಷವನ್ನು ಸಿಂಪಡಿಸಬಹುದೆ? ಶಾಸ್ತ್ರವು ಹೇಳುವ ಅಹಿಂಸೆಯನ್ನು ಶಾಸ್ತ್ರರಕ್ಷಣೆಗಾಗಿಯೇ ಬಿಡಬಹುದೆ? ಜೀವಗಳಿವೆಯೆಂದು ಮುಟ್ಟದೆ ಬಿಟ್ಟರೆ ಗ್ರಂಥನಾಶವನ್ನು ಕಣ್ಣಾರೆ ನೋಡುತ್ತ ಕುಳಿತಂತಾಗುವುದಿಲ್ಲವೆ? ಜ್ಞಾನಕ್ಕೆ ಅಂತರಾಯ ಒಡ್ಡುವುದು, ಅದರ ಆಸಾದನೆ ಮತ್ತು ಉಪಘಾತ ಮಾಡುವುದು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು ಎಣಿಸಿದೆ.

ಈ ಸಂಕಟಕ್ಕೆ ಉತ್ತರವು ಆಚಾರದಲ್ಲಿಯೇ ಇದೆ. ಪಂಚಸಮಿತಿಗಳಲ್ಲಿ ನಾಲ್ಕನೆಯದು ಆದಾನನಿಕ್ಷೇಪಣ ಸಮಿತಿ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಒರಸಿ, ಯತ್ನದಿಂದ ವರ್ತಿಸುವುದು. ದಿಗಂಬರ ಮುನಿಗಳಿಗೆ ಮೂರೇ ಉಪಕರಣಗಳು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ನವಿಲುಗರಿಯ ಪಿಂಛಿಯು ಮೃದುವಾಗಿರುವುದು ಸಣ್ಣ ಜೀವಿಗೂ ನೋವಾಗದಿರಲೆಂದು. ಶಾಸ್ತ್ರವೂ ಪಿಂಛಿಯೂ ಜೊತೆಯಲ್ಲಿರುವುದರ ಅರ್ಥ ಆಳವಾದುದು: ದಿನವೂ ಎತ್ತಿ ಒರಸಿ ಓದುವ ಗ್ರಂಥಕ್ಕೆ ಬೂಷ್ಟು ಹಿಡಿಯುವುದಿಲ್ಲ. ಜೀವಗಳು ಹುಟ್ಟಿದ ಮೇಲೆ ಕೊಲ್ಲುವ ಪ್ರಸಂಗ ಬರದಂತೆ, ಹುಟ್ಟುವ ನೆಲೆಯನ್ನೇ ಒಣಗಿಸಿಡುವುದು ಯತ್ನಾಚಾರ. ಅಹಿಂಸೆಯ ದೃಷ್ಟಿಯಿಂದ ಉದಾಸೀನವೇ ಮೊದಲ ಹಿಂಸೆ. ವಿಷವು ಅದರ ಹಿಂದೆ ಬರುವ ಎರಡನೆಯದು.

ಸಂರಕ್ಷಣಾ ವಿಜ್ಞಾನವೂ ಇಂದು ಇದೇ ದಾರಿಯನ್ನು ಹಿಡಿದಿದೆ. ಹಿಂದೆ ಪುಸ್ತಕಭಂಡಾರಗಳಲ್ಲಿ ಡಿ.ಡಿ.ಟಿ., ಬಿ.ಎಚ್.ಸಿ. ಪುಡಿಗಳನ್ನು ಎರಚುವ, ಥೈಮಾಲ್ ಹೊಗೆ ಕೊಡುವ ರೂಢಿಯಿತ್ತು. ಅವು ಓದುಗರಿಗೂ ಹೊತ್ತಗೆಗೂ ಹಾನಿಕರವೆಂದು ತಿಳಿದ ಮೇಲೆ ಗಾಳಿ, ಒಣಹವೆ, ಶುಚಿತ್ವಗಳಿಗೆ ಮೊದಲ ಸ್ಥಾನ ಬಂದಿತು. ಆರ್ದ್ರತೆ ಇಳಿದರೆ ಬೂಷ್ಟು ಬೆಳೆಯುವುದನ್ನು ನಿಲ್ಲಿಸಿ ಸುಪ್ತವಾಗುತ್ತದೆ. ಒಣಗಿದ ಧೂಳನ್ನು ತೆಗೆಯುವಾಗ ಆಗುವ ಅಲ್ಪ ವಿರಾಧನೆಯು ಗೃಹಸ್ಥನಿಗೆ ತಪ್ಪಿಸಲಾಗದ ಆರಂಭೀ ಹಿಂಸೆಯ ಎಲ್ಲೆಯೊಳಗಿನದು. ಸಂಕಲ್ಪಪೂರ್ವಕವಾಗಿ ವಿಷವಿಡುವುದು ಹಾಗಲ್ಲ.

ಎರಡು ಪಂಚಮಿಗಳ ನಡುವೆ

ದಿಗಂಬರರ ಶ್ರುತಪಂಚಮಿಯು ಜ್ಯೇಷ್ಠದಲ್ಲಿ, ಮುಂಗಾರಿನ ಹೊಸ್ತಿಲಲ್ಲಿ ಬರುತ್ತದೆ. ಶ್ವೇತಾಂಬರರ ಜ್ಞಾನಪಂಚಮಿಯು ಕಾರ್ತಿಕ ಶುಕ್ಲ ಪಂಚಮಿ. ಚಾತುರ್ಮಾಸದ ಮಳೆ ಮುಗಿಯುತ್ತ ಬಂದಾಗ ಬರುತ್ತದೆ. ಒಂದು ಮಳೆಗೆ ಮೊದಲು, ಇನ್ನೊಂದು ಮಳೆಯ ನಂತರ. ಭಂಡಾರಗಳನ್ನು ತೆರೆದು ಗ್ರಂಥಗಳನ್ನು ಹೊರತೆಗೆದು, ಧೂಳೊರಸಿ, ಹೊದಿಕೆಯ ಬಟ್ಟೆ ಬದಲಿಸಿ ಪೂಜಿಸುವ ವಾಡಿಕೆ ಎರಡರಲ್ಲಿಯೂ ಇದೆ. ಜೈಸಲ್ಮೇರಿನ ಭಂಡಾರಗಳಿಗೆ ಮರುಭೂಮಿಯ ಒಣಹವೆ ನೆರವಾಯಿತು. 1950ರ ಸುಮಾರಿಗೆ ಮುನಿ ಪುಣ್ಯವಿಜಯರು ಅಲ್ಲಿದ್ದು ಆ ಗ್ರಂಥಗಳನ್ನು ವ್ಯವಸ್ಥೆಗೊಳಿಸಿದರು. ಅಂತಹ ಹವೆಯಿಲ್ಲದ ನಾಡಿನಲ್ಲಿ ಪಂಚಮಿಯ ಆಚರಣೆಯೇ ಆ ನೆರವನ್ನು ನೀಡಬೇಕು. ಕೋಲಾರದ ಸೀಮೆಯಲ್ಲಿ ಎರಡೂ ಆಮ್ನಾಯಗಳ ನೆನಪುಗಳಿವೆ: ಗಂಗರ ಕಾಲದ ಮೂಲಸಂಘದ ಪರಂಪರೆ ಮಣ್ಣಿನಲ್ಲಿದೆ, ರಾಜಸ್ಥಾನದ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳ ಹಿಂದಿ, ಗುಜರಾತಿ ಪುಸ್ತಕಗಳು ಮನೆಗಳಲ್ಲಿವೆ. ಆಮ್ನಾಯ ಯಾವುದೇ ಆಗಲಿ, ವರ್ಷಕ್ಕೆ ಎರಡು ಪಂಚಮಿಗಳಲ್ಲಿಯೂ ಕಪಾಟು ತೆರೆಯುವ ಮನೆಗೆ ಮುಗ್ಗಿನ ಭಯ ಬಹುಮಟ್ಟಿಗೆ ಇಲ್ಲ.

ಈ ಸೀಮೆಯ ರೇಷ್ಮೆ ಕೃಷಿಕರು ಹುಳು ಸಾಕುವ ಮನೆಯಲ್ಲಿ ಒದ್ದೆ ಮತ್ತು ಒಣ ಬಲ್ಬುಗಳ ಉಷ್ಣಮಾಪಕವನ್ನು ತೂಗುಹಾಕಿ ಗಾಳಿಯ ತೇವವನ್ನು ಅಳೆಯುವುದು ಎಲ್ಲರೂ ಕಂಡ ಸಂಗತಿ. ಅದೇ ಸಾಧನವನ್ನು ಶಾಸ್ತ್ರಭಂಡಾರದ ಗೋಡೆಗೂ ತೂಗುಹಾಕಬಹುದು. ಆರ್ದ್ರತೆಯು ಶೇಕಡ 45ರಿಂದ 55ರ ನಡುವೆ ಇದ್ದರೆ ನಿಶ್ಚಿಂತೆ. 60 ದಾಟಿದರೆ ಎಚ್ಚರ. ಸಾಧನವನ್ನು ಅವರಿಂದ ಕಲಿಯಬಹುದಾದರೂ ಗ್ರಂಥ ಸುತ್ತಲು ರೇಷ್ಮೆಯ ಬಟ್ಟೆ ಸಲ್ಲದು. ಅಸಂಖ್ಯ ಹುಳುಗಳ ಪ್ರಾಣದಿಂದ ಬಂದ ನೂಲು ಅಹಿಂಸೆಯ ಗ್ರಂಥಕ್ಕೆ ಹೊದಿಕೆಯಾಗಬಾರದು. ಬಣ್ಣ ಹಾಕದ, ಚೆನ್ನಾಗಿ ಒಗೆದ ಹತ್ತಿಯ ಬಟ್ಟೆಯೇ ಉತ್ತಮ. ತೇವದಲ್ಲಿ ಬಣ್ಣ ಬಿಡುವ ಕೆಂಪು ಬಟ್ಟೆಯಿಂದ ಹಾಳೆಗೆ ಕಲೆಯಾಗುತ್ತದೆ.

ಮುಗ್ಗು ಕಳೆಯುವ ಕ್ರಮ

ಈಗಾಗಲೇ ವಾಸನೆ ಹಿಡಿದ ಹೊತ್ತಗೆಯನ್ನು ಮೊದಲು ಉಳಿದವುಗಳಿಂದ ಬೇರ್ಪಡಿಸಬೇಕು. ಬೂಷ್ಟು ಹಸಿಯಾಗಿದ್ದು ಮುಟ್ಟಿದರೆ ಮೆತ್ತುವಂತಿದ್ದರೆ ಒರಸಬಾರದು. ಒರಸಿದರೆ ಹಾಳೆಯೊಳಗೆ ಇಳಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವೆಡೆ, ಹೊತ್ತಗೆಯನ್ನು ನಿಲ್ಲಿಸಿ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಒಣಗಲು ಬಿಡಬೇಕು. ಕೋಲಾರದ ಸೀಮೆಯಲ್ಲಿ ಇದಕ್ಕೆ ಫೆಬ್ರವರಿಯಿಂದ ಏಪ್ರಿಲ್ ವರೆಗಿನ ಒಣಹವೆ ಅತ್ಯಂತ ಅನುಕೂಲ. ನೇರ ಬಿಸಿಲು ಬೇಡ. ಅದರಿಂದ ಕಾಗದ ಹಳದಿಯಾಗಿ ಪುಡಿಯಾಗುತ್ತದೆ, ರಟ್ಟು ಸೊಟ್ಟಗಾಗುತ್ತದೆ. ನೀರಿನಲ್ಲಿ ಪೂರ್ತಿ ನೆನೆದ ಹೊತ್ತಗೆಯಾದರೆ ಎರಡು ದಿನಗಳೊಳಗೆ ಒಣಗಿಸಲು ತೊಡಗದಿದ್ದರೆ ಬೂಷ್ಟು ಏಳುತ್ತದೆ.

ಆತುರವೂ ಒಳ್ಳೆಯದಲ್ಲ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿ ಉಕ್ಕಿ, ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ಹತ್ತು ಲಕ್ಷಕ್ಕೂ ಹೆಚ್ಚು ಹೊತ್ತಗೆ, ಪತ್ರಗಳು ಕೆಸರಿನಲ್ಲಿ ಮುಳುಗಿದವು. ತಂಬಾಕು ಒಣಗಿಸುವ ಮನೆಗಳಲ್ಲಿಯೂ ಅವನ್ನು ಒಣಗಿಸಬೇಕಾಯಿತು. ಬಹು ದೇಶಗಳ ಯುವಕರು ಕೆಸರಿನಿಂದ ಪುಸ್ತಕಗಳನ್ನು ಎತ್ತಿದರು. ದುರಸ್ತಿಯ ಕೆಲಸ ದಶಕಗಳ ಕಾಲ ನಡೆಯಿತು. ಎಲ್ಲವನ್ನೂ ಒಮ್ಮೆಲೇ ಸರಿಪಡಿಸುವುದಕ್ಕಿಂತ ಮೊದಲು ನಾಶವನ್ನು ನಿಲ್ಲಿಸಿ, ಅನಂತರ ಒಂದೊಂದಾಗಿ ಕೈಗೆತ್ತಿಕೊಳ್ಳುವ ಕ್ರಮವು ಆ ಅನುಭವದಿಂದ ಜಗತ್ತಿಗೆ ದೃಢವಾಯಿತು.

ಪೂರ್ತಿ ಒಣಗಿದ ಮೇಲೆ, ಮನೆಯ ಹೊರಗೆ, ಮೂಗು ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಪುಟಪುಟವಾಗಿ ಧೂಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಸರಿಸಬೇಕು. ಉಬ್ಬಸದ ತೊಂದರೆಯುಳ್ಳವರು ಈ ಕೆಲಸಕ್ಕೆ ಕೈಹಾಕಬಾರದು. ಹಳೆಯ ಪುಸ್ತಕದಲ್ಲಿ ಬಿಳಿಯ ಪುಡಿ ಕಂಡರೆ ಅದು ಹಿಂದೆ ಎರಚಿದ ಕೀಟನಾಶಕವೂ ಆಗಿರಬಹುದು. ಬರಿಗೈಯಿಂದ ಮುಟ್ಟಬಾರದು, ಮೂಸಬಾರದು.

ಇಷ್ಟಾದ ಮೇಲೂ ವಾಸನೆ ಉಳಿದರೆ, ಮುಚ್ಚಳ ಬಿಗಿಯಾಗಿರುವ ದೊಡ್ಡ ಡಬ್ಬಿಯಲ್ಲಿ ಹೊತ್ತಗೆಯನ್ನು ನಿಲ್ಲಿಸಿ, ಪಕ್ಕದಲ್ಲಿ ಬಟ್ಟಲಿನಲ್ಲಿ ಸಂಸ್ಕರಿಸಿದ ಇದ್ದಿಲನ್ನೋ ಅಡುಗೆ ಸೋಡವನ್ನೋ ಇಡಬೇಕು. ಪುಡಿಯು ಹಾಳೆಗೆ ತಾಗಬಾರದು. ವಾರಕ್ಕೊಮ್ಮೆ ತೆರೆದು ನೋಡುತ್ತ, ಇದ್ದಿಲು ಬದಲಿಸುತ್ತ ಎರಡು ಮೂರು ವಾರ ಇಟ್ಟರೆ ವಾಸನೆ ಬಹಳಷ್ಟು ಇಳಿಯುತ್ತದೆ. ಹೊತ್ತಗೆಯನ್ನು ಮರಳಿ ಇಡುವ ಕಪಾಟು ಗೋಡೆಯಿಂದ ನಾಲ್ಕಾರು ಅಂಗುಲ ದೂರವಿರಬೇಕು, ನೆಲದಿಂದ ಎತ್ತರವಿರಬೇಕು. ಸಾಲುಗಳನ್ನು ಬಿಗಿಯಾಗಿ ತುರುಕಬಾರದು. ಹೊಸದಾಗಿ ಸುಣ್ಣ ಬಳಿದ ಕೋಣೆ ಪೂರ್ತಿ ಒಣಗುವ ತನಕ ಕಾಯಬೇಕು.

ಓಲೆಗರಿಗಳ ವಿಷಯ ಬೇರೆ. ಕಂಟದಿಂದ ಕೊರೆದ ಓಲೆಗಳಿಗೆ ತಜ್ಞರು ಸಿಟ್ರೊನೆಲ್ಲಾ ಅಥವಾ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವುದುಂಟು. ಆದರೆ ಮೂಡುಬಿದಿರೆಯ ಧವಳದ ಪ್ರತಿಗಳಂತೆ ಶಾಯಿಯಿಂದ ಬರೆದ ಓಲೆಗಳೂ ಇವೆ. ಅವಕ್ಕೆ ಎಣ್ಣೆ ಅಥವಾ ದ್ರವ ಸೋಕಿದರೆ ಅಕ್ಷರವೇ ಹೋಗಬಹುದು. ಬಗೆ ತಿಳಿಯದೆ ಯಾವ ಓಲೆಯನ್ನೂ ಒರಸಬಾರದು. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಎರಡು ಹಲಗೆಗಳ ನಡುವೆ ಕಟ್ಟಿ, ಪ್ರಾಚ್ಯವಿದ್ಯಾ ಸಂಸ್ಥೆಗಳ ಸಲಹೆ ಪಡೆಯುವುದು ಯೋಗ್ಯ. ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯೂ ಇಂತಹ ಕಾರ್ಯದಲ್ಲಿ ಅನುಭವವುಳ್ಳವು.

ಟ್ರಸ್ಟುಗಳ ಹೊಣೆ

ಮುಗ್ಗು ವಾಸನೆಯ ಹೊತ್ತಗೆಗಳನ್ನು ರದ್ದಿಗೆ ಹಾಕುವುದು ಅಥವಾ ಗೌರವದ ಹೆಸರಿನಲ್ಲಿ ಬಾವಿಗೆ, ಕೆರೆಗೆ ವಿಸರ್ಜಿಸುವುದು ಇಂದಿಗೂ ಅಲ್ಲಲ್ಲಿ ನಡೆಯುತ್ತದೆ. ವಿಸರ್ಜಿಸುವ ಮೊದಲು ಅದೇನೆಂದು ಒಬ್ಬರಾದರೂ ತೆರೆದು ನೋಡಿದರೆ? ಮೊದಲ ಪುಟದಲ್ಲಿ ಅಜ್ಜಿಯೊಬ್ಬಳು ನೋಂಪಿಯ ದಿನಾಂಕ ಬರೆದಿರಬಹುದು; ಮತ್ತೆಲ್ಲಿಯೂ ಸಿಗದ ಹಳೆಯ ಮುದ್ರಣವಿರಬಹುದು. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿ 1948ರಲ್ಲಿ ಪ್ರಕಟಿಸಿದುದು ಭಂಡಾರ ಭಂಡಾರವನ್ನು ತೆರೆದು ನೋಡಿದುದರಿಂದಲೇ ಸಾಧ್ಯವಾಯಿತು. 2003ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಮೇಲೆ ಛಾಯಾಪ್ರತಿ ತೆಗೆದಿಡುವ ಕಾರ್ಯಕ್ಕೂ ಬಲ ಬಂದಿದೆ. ಅತ್ತಿಮಬ್ಬೆಗೆ 1000 ಪ್ರತಿಗಳಿಗೆ ಲಿಪಿಕಾರರು ಬೇಕಾಗಿದ್ದರು. ಇಂದು ಒಂದು ಮಧ್ಯಾಹ್ನದಲ್ಲಿ ಒಂದು ಪುಸ್ತಕದ ಪುಟಗಳೆಲ್ಲವನ್ನೂ ಚಿತ್ರರೂಪದಲ್ಲಿ ಉಳಿಸಬಹುದು.

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಮಂದಿರದ ಟ್ರಸ್ಟುಗಳು ಮೊದಲ ಮೂರಕ್ಕೆ ಆಯವ್ಯಯದಲ್ಲಿ ಹಣ ತೆಗೆದಿಡುತ್ತವೆ. ನಾಲ್ಕನೆಯದಕ್ಕೆ ಹೊಸ ಪುಸ್ತಕ ಅಚ್ಚುಹಾಕಿಸುವುದಷ್ಟೇ ಅಲ್ಲ, ಇರುವುದನ್ನು ಒಣಗಿಸಿ, ಪಟ್ಟಿ ಮಾಡಿ, ಓದುವಂತೆ ಇಡುವುದೂ ಸೇರುತ್ತದೆ. ಅದಕ್ಕೆ ಬೇಕಾದುದು ಒಂದು ಆರ್ದ್ರತಾಮಾಪಕ, ಕೆಲವು ಗಜ ಹತ್ತಿಯ ಬಟ್ಟೆ, ಒಂದೆರಡು ಕುಂಚ, ವರ್ಷದಲ್ಲಿ ಎರಡು ದಿನದ ಶ್ರಮ. ನೊಣಮಂಗಲದ ಬಸದಿಗೆ ಅರಸರ ದಾನವಿದ್ದೂ ಅಲ್ಲಿಯ ಓದು ಉಳಿಯಲಿಲ್ಲ. ಮುಂದಿನ ಶ್ರುತಪಂಚಮಿಗೆ ಕಪಾಟಿನ ಬೀಗ ತೆಗೆಯುವ ಪ್ರತಿಯೊಂದು ಮನೆಯೂ ಮಂದಿರವೂ ಆ ನಷ್ಟವು ಮತ್ತೊಮ್ಮೆ ಆಗದಂತೆ ತನ್ನ ಮಟ್ಟಿಗೆ ತಡೆಯಬಲ್ಲದು.